ಕೈಗಡಿಯಾರಕ್ಕೆ ವೈದ್ಯ ಪದವಿ ಕೊಟ್ಟವರು ಯಾರು?



ಕಳೆದ ತಿಂಗಳು ಕಮಲಾಪುರಕ್ಕೆ ಹೋದಾಗ ತಮ್ಮನ ಮಣಿಕಟ್ಟಿನಲ್ಲಿ ಹೊಸ ಸ್ಮಾರ್ಟ್‌ವಾಚ್ ಕಂಡೆ. ಅವನಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. "ಅಣ್ಣಾ, ಇನ್ನ ಬೆರಳು ಚುಚ್ಕೊಳ್ಳೋದು ಬ್ಯಾಡ, ಶುಗರ್ ಇದೇ ತೋರಸ್ತದ" ಎಂದ. ಆ ಧೈರ್ಯದ ಮೇಲೆ ನಮ್ಮೂರ ಕೆಂಪು ಬಾಳೆಹಣ್ಣು ಎರಡು ತಿಂದಿದ್ದ. ವಾಚು 110 ತೋರಿಸಿತು. ಮೂಲೆ ಸೇರಿದ್ದ ಗ್ಲುಕೋಮೀಟರ್ ತರಿಸಿ ನೋಡಿದರೆ 268!

ನನ್ನ ಸಿಟ್ಟು ತಮ್ಮನ ಮೇಲಲ್ಲ, ಹೀಗೆ ನಂಬಿಸಿ ಮಾರುವವರ ಮೇಲೆ. ವಾಚಿನ ತಳದಲ್ಲಿ ಮಿನುಗುವ ಹಸಿರು ಬೆಳಕು ಚರ್ಮದಡಿಯ ರಕ್ತದ ಏರಿಳಿತದಿಂದ ನಾಡಿಬಡಿತವನ್ನು ಎಣಿಸಬಲ್ಲದು, ಅಷ್ಟೇ. ಚರ್ಮ ಚುಚ್ಚದೆ ತಾನಾಗಿಯೇ ಸಕ್ಕರೆ ಅಳೆಯುವ ಯಾವ ಸ್ಮಾರ್ಟ್‌ವಾಚಿಗೂ ತಾನು ಮಾನ್ಯತೆ ನೀಡಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರುವರಿಯಲ್ಲಿಯೇ ಎಚ್ಚರಿಸಿತ್ತು. ಸುಳ್ಳು ಅಂಕಿ ನಂಬಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಿಕೊಂಡರೆ ಪ್ರಾಣಕ್ಕೇ ಕುತ್ತು.

ಕಲಬುರಗಿಯ ಶರಣಬಸವೇಶ್ವರ ಕೆರೆಯ ಬಳಿ ಬೆಳಿಗ್ಗೆ ನಡೆಯುವ ಮಿತ್ರರು "ವಾಚೋ, ಬ್ಯಾಂಡೋ?" ಎಂದು ಕೇಳುತ್ತಾರೆ. ಕೈಯಲ್ಲೇ ಫೋನ್ ಮಾತನಾಡುವ ಅವಸರ ನಿವೃತ್ತರಿಗೇಕೆ? ಹೆಜ್ಜೆ, ನಾಡಿ, ಹೊತ್ತು ತೋರಿಸುವ ಅಗ್ಗದ ಬ್ಯಾಂಡ್ ಸಾಕು. ನಿತ್ಯ ಚಾರ್ಜಿಗಿಡುವ ಗೋಳಿಲ್ಲ. ಅದರ ಹತ್ತು ಸಾವಿರ ಹೆಜ್ಜೆಯ ಗುರಿಯೂ ವೇದವಾಕ್ಯವಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆಮಾಪಕವೊಂದರ ಹೆಸರಿನಿಂದ ಬಂದದ್ದದು!

ಪರದೇಶದಲ್ಲಿರುವ ಶಿಷ್ಯರೇ, ತಂದೆತಾಯಿಗಳಿಗೆ ವಾಚು ಕಳಿಸುವುದಾದರೆ ಜೊತೆಗೆ ಗ್ಲುಕೋಮೀಟರಿನ ಪಟ್ಟಿಗಳ ಡಬ್ಬಿಯನ್ನೂ ಕಳಿಸಿರಿ. ತಮ್ಮ ಮತ್ತೆ ಬೆರಳು ಚುಚ್ಚಿಕೊಳ್ಳುತ್ತಿದ್ದಾನೆ. ವಾಚು ಈಗ ಮೊಮ್ಮಗನ ಕೈಯಲ್ಲಿದೆ.