ಒಲೆಯ ಮುಂದಿನ ಪೌರುಷ

2025ರ ಮೇ 8ರ ರಾತ್ರಿ ನಾವು ಕರಾಚಿ ಬಂದರನ್ನು ಸುಟ್ಟೆವು. ನಾವು ಎಂದರೆ ನಮ್ಮ ಮನೆಯ ಚಾವಡಿಯಲ್ಲಿ ಟಿ.ವಿ.ಯ ಮುಂದೆ ನೆರೆದಿದ್ದ ಏಳೆಂಟು ಮಂದಿ. ವಿಕ್ರಾಂತ್ ಯುದ್ಧನೌಕೆ ಕರಾಚಿಯ ಮೇಲೆರಗಿದೆ, ಬಂದರು ಹೊತ್ತಿ ಉರಿಯುತ್ತಿದೆ ಎಂದು ವಾಹಿನಿಯೊಂದು ಸಾರಿದಾಗ ಚಪ್ಪಾಳೆ ತಟ್ಟಿದವರಲ್ಲಿ ಈ ಲೇಖಕನೂ ಒಬ್ಬ. ಅಷ್ಟಕ್ಕೇ ತೃಪ್ತನಾಗದೆ ಆ ವಾರ್ತೆಯನ್ನು ಮುಂಬಯಿಯಲ್ಲಿರುವ ಭಾವನಿಗೆ, ಕುವೈತಿನಲ್ಲಿರುವ ಸಹಪಾಠಿಗೆ, ಊರಿನ ಹತ್ತಾರು ಪರಿಚಿತರಿಗೆ ಮೊಬೈಲಿನಲ್ಲಿ ಕಳುಹಿಸಿಯೂ ಆಯಿತು. ನಮ್ಮ ಪಕ್ಕದ ತೋಟದ ಯಜಮಾನರು ಭೂಸೇನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಸುಬೇದಾರರಾಗಿ ನಿವೃತ್ತರಾದವರು. ಅವರ ಕಿರಿಯ ಮಗ ಆ ದಿನಗಳಲ್ಲಿ ಜಮ್ಮುವಿನ ಕಡೆ ಕರ್ತವ್ಯದಲ್ಲಿದ್ದ. ಗದ್ದಲವೆಲ್ಲ ತುಸು ತಗ್ಗಿದ ಮೇಲೆ ಸುಬೇದಾರರು ಕೇಳಿದ್ದು ಒಂದೇ ಪ್ರಶ್ನೆ: "ಈ ಮಾತನ್ನು ನೌಕಾಪಡೆ ಹೇಳಿದೆಯೋ, ಇವರು ಹೇಳುತ್ತಿದ್ದಾರೋ?" ಯಾರೂ ಉತ್ತರಿಸಲಿಲ್ಲ. ಅವರು ಟಾರ್ಚು ಹಿಡಿದುಕೊಂಡು ಮನೆಗೆ ಹೊರಟುಹೋದರು.

ಕರಾಚಿ ಬಂದರು ಸುಟ್ಟಿರಲಿಲ್ಲ. ಮೇ 11ರಂದು ಮೂರು ಪಡೆಗಳ ಅಧಿಕಾರಿಗಳು ಪತ್ರಕರ್ತರ ಮುಂದೆ ಬಂದಾಗ ವೈಸ್ ಅಡ್ಮಿರಲ್ ಪ್ರಮೋದ್ ಅವರು ವಿಷಯವನ್ನು ಸ್ಪಷ್ಟಪಡಿಸಿದರು. ನೌಕಾಪಡೆಯು ಅರಬ್ಬೀ ಸಮುದ್ರದಲ್ಲಿ ಸರ್ವಸನ್ನದ್ಧವಾಗಿ ನಿಂತಿತ್ತು, ತಾನು ಆರಿಸಿಕೊಂಡ ಗಳಿಗೆಯಲ್ಲಿ ಕರಾಚಿಯೂ ಸೇರಿದಂತೆ ಗುರಿಗಳನ್ನು ಹೊಡೆಯುವ ಸ್ಥಿತಿಯಲ್ಲಿತ್ತು. ಹೊಡೆಯಲು ಸಿದ್ಧವಾಗಿ ನಿಲ್ಲುವುದಕ್ಕೂ ಹೊಡೆಯುವುದಕ್ಕೂ ಇರುವ ಅಂತರವನ್ನು ಆ ಅಧಿಕಾರಿ ಬಲ್ಲರು. ಆ ಅಂತರ ನಮಗೆ ಬೇಕಾಗಿರಲಿಲ್ಲ. ನಾನು ಕಳುಹಿಸಿದ ಸುದ್ದಿ ಸುಳ್ಳೆಂದು ಆ ಹತ್ತಾರು ಮಂದಿಗೆ ಮತ್ತೆ ತಿಳಿಸಿದೆನೇ? ಇಲ್ಲ. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಯಾರಿಗೆ ತಿಳಿಯದು? ವಿರಾಟರಾಯನ ಮಗ ಹೆಂಗಸರ ಎದುರಿಗೆ ಕೌರವ ಸೇನೆಯನ್ನು ತರಿದುಹಾಕಿದವನು. ಆದರೂ ಉತ್ತರನಿಗೆ ಸಲ್ಲಬೇಕಾದ ಒಂದು ಮನ್ನಣೆಯಿದೆ. ಅವನು ರಥವನ್ನೇರಿ ರಣರಂಗದ ಅಂಚಿನವರೆಗಾದರೂ ಹೋದ, ಎದುರಿನ ಸೇನೆಯನ್ನು ಕಣ್ಣಾರೆ ಕಂಡ, ಕಂಡ ಮೇಲೆ ಹೆದರಿದ. ಇಂದಿನ ನಮಗೆ ಹೆದರುವ ಅವಕಾಶವೂ ಇಲ್ಲವಾಗಿದೆ. ಗುಂಡು ಬೀಳುವ ಸ್ಥಳದಿಂದ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಕುಳಿತು, ಊಟ ಮುಗಿಸಿ, ಯಾವ ನಗರ ಉಳಿಯಬೇಕು, ಯಾವುದು ಅಳಿಯಬೇಕು ಎಂದು ತೀರ್ಪು ನೀಡುವವರು ನಾವು.

ಹಾಗಾದರೆ ಸಾಮಾನ್ಯ ನಾಗರಿಕನು ರಾಜಕೀಯವನ್ನೂ ಸೈನ್ಯದ ವಿಚಾರವನ್ನೂ ಚರ್ಚಿಸಲೇಬಾರದೇ ಎಂದು ಕೆಲವರು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು 1962ಕ್ಕೆ ಹೋಗಬೇಕು. ಅಲ್ಲಿ ನಮ್ಮ ನಾಡಿನವರೇ ಆದ ಒಬ್ಬರು ಎದುರಾಗುತ್ತಾರೆ.

ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಉಂಟಾದ ಭಿನ್ನಾಭಿಪ್ರಾಯದಿಂದ 1959ರ ಆಗಸ್ಟ್ ಕೊನೆಯಲ್ಲಿ ರಾಜೀನಾಮೆ ಸಲ್ಲಿಸಿದರು. ಪ್ರಧಾನಿ ನೆಹರೂ ಅವರ ಮಾತಿಗೆ ಮನ್ನಣೆಯಿತ್ತು ಅದನ್ನು ಹಿಂತೆಗೆದುಕೊಂಡರು. ಅನಂತರ ಅದೇ ಪ್ರಧಾನಿ ಸಂಸತ್ತಿನಲ್ಲಿ ತಮ್ಮ ವರ್ತನೆಯನ್ನು ಆಕ್ಷೇಪಿಸಿ ಆಡಿದ ಮಾತುಗಳನ್ನು ಮೌನವಾಗಿ ಸಹಿಸಿದರು. ನಿವೃತ್ತರಾದ ಬಳಿಕ 1962ರ ಜುಲೈ ತಿಂಗಳ 'ಸೆಮಿನಾರ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಭಾರತವು ಏಕಾಂಗಿಯಾಗಿ ಚೀನಾವನ್ನು ಬಹಿರಂಗ ಯುದ್ಧದಲ್ಲಿ ಎದುರಿಸುವುದನ್ನು ಒಬ್ಬ ಸೈನಿಕನಾಗಿ ತಾವು ಊಹಿಸಲಾರೆವು ಎಂಬುದು ಅದರ ತಾತ್ಪರ್ಯವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿ, ಕೊರಿಯಾದಲ್ಲಿ, ಹಿಮದ ನಡುವಿನ ಜೋಜಿ ಲಾ ಕಣಿವೆಯಲ್ಲಿ ಹೊಣೆ ಹೊತ್ತವನ ಮಾತು ಅದು. ಹೇಡಿಯ ಮಾತಲ್ಲ.

ಆ ಮಾತನ್ನು ಕೇಳಿಸಿಕೊಳ್ಳುವ ವ್ಯವಧಾನ ದೇಶಕ್ಕೆ ಇರಲಿಲ್ಲ. 1959ರಿಂದ ಚೀನಾದೊಡನೆ ನಡೆದ ಪತ್ರವ್ಯವಹಾರ ಶ್ವೇತಪತ್ರಗಳಾಗಿ ಹೊರಬಂದಂತೆ ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ, ಸಭೆಗಳಲ್ಲಿ ಒಂದೇ ಕೂಗು ಮೇಲೆದ್ದಿತು: ಒಂದಂಗುಲವನ್ನೂ ಬಿಡಬಾರದು, ಹೊರದಬ್ಬಿ. ಬೆಟ್ಟದ ಮೇಲಿನ ಜವಾನನ ಕಾಲಿನಲ್ಲಿ ಎಂಥ ಬೂಟಿದೆ, ಅವನ ಮೈಮೇಲೆ ಉಣ್ಣೆಯ ಅಂಗಿಯಿದೆಯೇ, ಠಾಣೆಯವರೆಗೆ ರಸ್ತೆಯಿದೆಯೇ ಎಂದು ಆ ಕೂಗಿನವರು ವಿಚಾರಿಸಲಿಲ್ಲ. ಅಕ್ಟೋಬರ್ 12ರಂದು ಪ್ರಧಾನಿಯವರು ಮದ್ರಾಸಿನ ವಿಮಾನನಿಲ್ದಾಣದಲ್ಲಿ, ನಮ್ಮ ನೆಲವನ್ನು ತೆರವುಗೊಳಿಸಲು ಸೈನ್ಯಕ್ಕೆ ಸೂಚಿಸಲಾಗಿದೆ ಎಂಬ ಅರ್ಥದ ಮಾತನ್ನಾಡಿದರು. ಎಂಟು ದಿನಗಳಲ್ಲಿ ಚೀನಾ ದಾಳಿಯಿಟ್ಟಿತು. ಮುಂದಿನ ಒಂದು ತಿಂಗಳಲ್ಲಿ ನಡೆದುದನ್ನು ಬಣ್ಣಿಸುವ ಅಗತ್ಯವಿಲ್ಲ. ಜನರ ಕೂಗೊಂದೇ ಸೋಲಿಗೆ ಕಾರಣವಾಯಿತೆಂದರೆ ಅದು ಉತ್ಪ್ರೇಕ್ಷೆಯಾದೀತು. ಆಳುವವರ ತಪ್ಪೆಣಿಕೆಗಳು ದೊಡ್ಡವು, ಹಲವಾರು. ಆದರೆ ಆಳುವವನಿಗೆ ಹಿಂದಡಿಯಿಡಲು, ಮಾತುಕತೆಗೆ ಕೂರಲು, ಕಾಲವನ್ನು ಗಳಿಸಿಕೊಳ್ಳಲು ಬೇಕಾದ ಎಡೆಯನ್ನು ಆ ಕೂಗು ಕಿತ್ತುಕೊಂಡಿತು ಎಂಬುದನ್ನು ಅಲ್ಲಗಳೆಯಲಾಗದು.

ಅದೇ ವರ್ಷದ ಇನ್ನೊಂದು ಘಟನೆಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಯುದ್ಧ ನಡೆಯುತ್ತಿರುವಾಗಲೇ ಸಂಸತ್ತು ಸೇರಬೇಕೆಂದು ಯುವ ಸದಸ್ಯ ಅಟಲ್ ಬಿಹಾರಿ ವಾಜಪೇಯಿ ಆಗ್ರಹಿಸಿದರು. ನೆಹರೂ ಒಪ್ಪಿದರು. ನವೆಂಬರ್ 8ರಂದು ಸಂಸತ್ತು ಸೇರಿತು. ಕಲಾಪ ಗುಪ್ತವಾಗಿ ನಡೆಯಲಿ ಎಂಬ ಸಲಹೆ ಬಂದಾಗ, ಜನರಿಗೆ ತಿಳಿಯಬೇಕಾದ ವಿಷಯವಿದು ಎಂಬ ನಿಲುವಿನಿಂದ ಪ್ರಧಾನಿ ಅದನ್ನು ಒಪ್ಪಲಿಲ್ಲ. ಗಡಿಯಲ್ಲಿ ಸೈನಿಕರು ಸಾಯುತ್ತಿದ್ದಾಗ ದೆಹಲಿಯಲ್ಲಿ ಸರಕಾರವನ್ನು ಬಹಿರಂಗವಾಗಿ ತರಾಟೆಗೆ ತೆಗೆದುಕೊಳ್ಳಲಾಯಿತು. ಅದನ್ನು ದೇಶದ್ರೋಹವೆಂದು ಯಾರೂ ಕರೆಯಲಿಲ್ಲ.

ಆದುದರಿಂದ ವಾದಿಸುವುದು ತಪ್ಪಲ್ಲ. ಯಾವುದನ್ನು ವಾದಿಸುತ್ತೇವೆ, ಏನನ್ನು ಬಲ್ಲೆವೆಂದು ವಾದಿಸುತ್ತೇವೆ, ನಮ್ಮ ಮಾತಿನ ಬೆಲೆಯನ್ನು ಯಾರು ತೆರುತ್ತಾರೆ ಎಂಬಲ್ಲಿ ಪ್ರಶ್ನೆಯಿದೆ. 1962ರ ಸೋಲಿನ ಕುರಿತು ಹೆಂಡರ್‌ಸನ್ ಬ್ರೂಕ್ಸ್ ಮತ್ತು ಭಗತ್ ಅವರು 1963ರಲ್ಲಿ ಸಲ್ಲಿಸಿದ ವರದಿಯನ್ನು ಒಂದರ ಹಿಂದೊಂದು ಬಂದ ಸರಕಾರಗಳು, ಪಕ್ಷಭೇದವಿಲ್ಲದೆ, ಬೀರುವಿನಲ್ಲಿಟ್ಟು ಬೀಗ ಹಾಕಿವೆ. ಕಾರ್ಗಿಲ್ ಯುದ್ಧದ ಪರಾಮರ್ಶೆಯ ವರದಿ ಮಾತ್ರ, ಕೆಲವು ಭಾಗಗಳನ್ನು ಕತ್ತರಿಸಿಯಾದರೂ, 2000ದ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂತು. ಒಂದು ಹೊರಬರಬಹುದಾದರೆ ಇನ್ನೊಂದು ಅರುವತ್ತು ವರ್ಷ ದಾಟಿದರೂ ಏಕೆ ಬರಬಾರದು? ಈ ಕುರಿತು ನಮ್ಮ ಚಾವಡಿಯಲ್ಲಿ ಒಮ್ಮೆಯೂ ಧ್ವನಿ ಏರಿದ್ದನ್ನು ನಾನು ಕೇಳಿಲ್ಲ. ಕರಾಚಿಯ ಕುರಿತು ಮಾತ್ರ ಕೇಳಿದ್ದೇನೆ.

ಈಗ 2025ಕ್ಕೆ ಮರಳೋಣ. ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್ ಹುಲ್ಲುಗಾವಲಿನಲ್ಲಿ 26 ಮಂದಿಯನ್ನು ಉಗ್ರರು ಕೊಂದರು. ಸತ್ತವರಲ್ಲಿ ಕರ್ನಾಟಕದವರೂ ಇದ್ದರು. ದೇಶಕ್ಕೆ ಸಿಟ್ಟು ಬಂದುದು ಸಹಜ, ನನಗೂ ಬಂದಿತ್ತು. ಮದುವೆಯಾಗಿ ಒಂದು ವಾರವೂ ಕಳೆಯದೆ ಪತಿಯನ್ನು ಅಲ್ಲಿ ಕಳೆದುಕೊಂಡ ತರುಣಿಯೊಬ್ಬಳು, ಕೊಂದವರಿಗೆ ಶಿಕ್ಷೆಯಾಗಲಿ, ಆದರೆ ಮುಸಲ್ಮಾನರನ್ನೂ ಕಾಶ್ಮೀರಿಗಳನ್ನೂ ಗುರಿಯಾಗಿಸಬೇಡಿ ಎಂದು ಬೇಡಿಕೊಂಡಳು. ಅದಕ್ಕೆ ಪ್ರತಿಯಾಗಿ ಅವಳ ಮೇಲೆ ಸುರಿದ ಹೊಲಸು ಮಾತುಗಳನ್ನು ರಾಷ್ಟ್ರೀಯ ಮಹಿಳಾ ಆಯೋಗವೇ ಖಂಡಿಸಬೇಕಾಯಿತು. ಯಾರ ಹೆಸರಿನಲ್ಲಿ ಸೇಡಿನ ಮಾತನ್ನಾಡುತ್ತಿದ್ದರೋ ಅವಳಿಗೇ ಆ ಜನ ಬಾಯಿ ಮುಚ್ಚೆಂದರು.

ಮೇ 7ರ ನಸುಕಿನಲ್ಲಿ ನಮ್ಮ ಪಡೆಗಳು ಒಂಬತ್ತು ನೆಲೆಗಳನ್ನು ಹೊಡೆದವು. ಅಂದು ಪಾಕಿಸ್ತಾನದ ಫಿರಂಗಿಗಳು ಪೂಂಛ್ ಪಟ್ಟಣದ ಮೇಲೆ ಗುಂಡು ಸುರಿಸಿದವು. ಅಲ್ಲಿನ ಕ್ರೈಸ್ಟ್ ಶಾಲೆಯ ಹಿಂಬದಿಗೆ ಬಿದ್ದ ಒಂದು ಗುಂಡಿಗೆ ಆ ಶಾಲೆಯ ಇಬ್ಬರು ಮಕ್ಕಳು ಬಲಿಯಾದರು. ಇನ್ನೊಂದು ಗುಂಡು ಕಾರ್ಮೆಲ್ ಮಾತೆಯ ಸಭೆಯ ಭಗಿನಿಯರ ಕಾನ್ವೆಂಟಿಗೆ ತಗಲಿತು. ಗುರುದ್ವಾರಕ್ಕೂ ಪೆಟ್ಟಾಯಿತು. ಮದರಸಾವೊಂದರ ಅಧ್ಯಾಪಕರೊಬ್ಬರು ಸತ್ತರು. ಶತ್ರುವಿನ ಗುಂಡಿಗೆ ಬಲಿಯಾದ ಈ ಭಾರತೀಯನ ಭಾವಚಿತ್ರವನ್ನು ನಮ್ಮದೇ ಕೆಲವು ವಾಹಿನಿಗಳು, ನಮ್ಮ ಪಡೆಗಳು ಗಡಿಯಾಚೆ ಕೊಂದ ಉಗ್ರನೆಂದು ತೋರಿಸಿದವು. ಪೂಂಛ್ ಪೊಲೀಸರು ಹೇಳಿಕೆ ನೀಡಿ ಅದನ್ನು ನಿರಾಕರಿಸಬೇಕಾಯಿತು. ಬೆಳಗ್ಗೆ ಗುಂಡು ಅವರನ್ನು ಕೊಂದಿತು, ಅನಂತರ ನಾವು ಕೊಂದೆವು. ಆ ಮನೆಯ ಮಕ್ಕಳು ತಂದೆಯ ಹೆಣದ ಮುಂದೆ ಕುಳಿತು ಆ ಚಿತ್ರವನ್ನು ನೋಡಿರಬಹುದೇ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಕರಾಚಿಯ ಸುಳ್ಳಿನಿಂದ ಯಾರಿಗೇನು ನಷ್ಟವಾಯಿತು ಎಂದು ನನ್ನ ಭಾವ ಈಗಲೂ ಕೇಳುತ್ತಾನೆ. ಪೂಂಛ್‌ನ ಸುಳ್ಳೂ ಅದೇ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯ.

ಇದು ನಮ್ಮೊಬ್ಬರ ರೋಗವೇನಲ್ಲ. ಗಡಿಯಾಚೆ, ತಮ್ಮ ವಾಯುಪಡೆಯನ್ನು ಆಗಸದ ದೊರೆಯೆಂದು ಲಂಡನ್ನಿನ ಪತ್ರಿಕೆಯೊಂದು ಹೊಗಳಿದೆಯೆಂದು ವಿದೇಶಾಂಗ ಸಚಿವ ಇಶಾಕ್ ದಾರ್ ಸೆನೆಟ್ಟಿನಲ್ಲೇ ಕೊಚ್ಚಿಕೊಂಡರು. ಆ ಪುಟವೇ ಕೃತಕವೆಂದು ಅಲ್ಲಿನ 'ಡಾನ್' ಪತ್ರಿಕೆ ತೋರಿಸಿಕೊಟ್ಟಿತು. ನಗೆ ಬರುತ್ತದೆ. ಆದರೆ ಅದೇ ತಿಂಗಳು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ನಡೆದುದನ್ನು ನೆನೆದರೆ ನಗೆ ನಿಲ್ಲುತ್ತದೆ. ಸೈನ್ಯದ ಪರವಾಗಿ ದೇಶಕ್ಕೆ ವಿವರ ನೀಡಿದ ಕರ್ನಲ್ ಸೋಫಿಯಾ ಖುರೇಷಿ ಅವರು ಗೋಕಾಕ ತಾಲ್ಲೂಕಿನ ಕೊಣ್ಣೂರಿನ ಸೊಸೆ. ಅವರ ಅತ್ತೆ ಮಾವಂದಿರ ಮನೆಯ ಮೇಲೆ ದಾಳಿಯಾಗಿದೆ ಎಂಬ ಕಟ್ಟುಕಥೆಯನ್ನು ಯಾರೋ ಹರಿಯಬಿಟ್ಟರು. ಅಂಥದೇನೂ ನಡೆದಿರಲಿಲ್ಲ. ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರೇ ಅದು ಸುಳ್ಳೆಂದು ಸಾರಬೇಕಾಯಿತು, ಆ ಮನೆಗೆ ಕಾವಲು ಹಾಕಬೇಕಾಯಿತು. ಇತ್ತ ಮಧ್ಯಪ್ರದೇಶದ ಸಚಿವರೊಬ್ಬರು ಅದೇ ಅಧಿಕಾರಿಯ ಕುರಿತು ಆಡಿದ ಮಾತಿಗೆ ಅಲ್ಲಿನ ಹೈಕೋರ್ಟು ತಾನಾಗಿಯೇ ಪ್ರಕರಣ ಎತ್ತಿಕೊಂಡು ಎಫ್.ಐ.ಆರ್. ದಾಖಲಿಸಲು ಆಜ್ಞಾಪಿಸಿತು. ಒಬ್ಬ ಸೈನಿಕಳನ್ನು ಒಂದು ಗುಂಪು ತನ್ನ ವಾದಕ್ಕೆ ಬಲಿಪಶುವೆಂದು ಎಳೆಯಿತು, ಇನ್ನೊಂದು ಗುಂಪು ಶತ್ರುವಿನ ಬಂಧುವೆಂದು ಎಳೆಯಿತು. ಅವರಾದರೋ ತಮಗೊಪ್ಪಿಸಿದ ಕಾಗದವನ್ನು ಶಾಂತವಾಗಿ ಓದಿ ಎದ್ದುಹೋದವರು.

ಮೇ 10ರ ಸಂಜೆ ವಿದೇಶಾಂಗ ಕಾರ್ಯದರ್ಶಿ ವಿಕ್ರಂ ಮಿಸ್ರಿ ಅವರು, ಐದು ಗಂಟೆಯಿಂದ ಎರಡೂ ಕಡೆ ಗುಂಡು ಹಾರಿಸುವುದನ್ನು ನಿಲ್ಲಿಸಲು ಒಪ್ಪಿಗೆಯಾಗಿದೆಯೆಂದು ಪ್ರಕಟಿಸಿದರು. ಸರಕಾರದ ತೀರ್ಮಾನವನ್ನು ಓದಿ ಹೇಳಿದ ತಪ್ಪಿಗೆ ಅವರ ಮೇಲೂ ಅವರ ಮಗಳ ಮೇಲೂ ನಿಂದೆಯ ಮಳೆ ಸುರಿಯಿತು. ಅದೇ ಮೇ 31ರಂದು ಸಿಂಗಾಪುರದಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಅವರು, ನಾವೂ ವಿಮಾನಗಳನ್ನು ಕಳೆದುಕೊಂಡೆವೆಂದು ಒಪ್ಪಿಕೊಂಡರು. ಪಾಕಿಸ್ತಾನ ಹೇಳಿಕೊಂಡ ಸಂಖ್ಯೆಯನ್ನು ತಳ್ಳಿಹಾಕಿದರು. ವಿಮಾನ ಬಿದ್ದುದಕ್ಕಿಂತ ಏಕೆ ಬಿತ್ತೆಂಬುದು ಮುಖ್ಯವೆಂದರು. ಅಷ್ಟನ್ನು ಮೂರು ವಾರಗಳ ಹಿಂದೆ ನಮ್ಮ ಚಾವಡಿಯಲ್ಲಿ ಯಾರಾದರೂ ಹೇಳಿದ್ದರೆ ಅವನನ್ನು ಅಂಗಳಕ್ಕೆ ಇಳಿಸುತ್ತಿದ್ದೆವು.

ನಾನು ಹೇಳಲು ಹಿಂಜರಿಯುತ್ತಿರುವ ಸಂಗತಿ ಇನ್ನೊಂದಿದೆ. ಕದನವಿರಾಮದ ಸುದ್ದಿ ಬಂದ ಆ ಸಂಜೆ ನಾನು ಬೇಸರದಿಂದ, "ಇನ್ನು ನಾಲ್ಕು ದಿನ ನಡೆಯಬೇಕಿತ್ತು" ಎಂದು ಗಟ್ಟಿಯಾಗಿಯೇ ಅಂದೆ. ಸುಬೇದಾರರ ಹೆಂಡತಿ ಹಾಲಿನ ಪಾತ್ರೆಯೊಡನೆ ಬಾಗಿಲಲ್ಲಿ ನಿಂತಿದ್ದುದನ್ನು ನೋಡಿರಲಿಲ್ಲ. ಮೂರು ದಿನಗಳಿಂದ ಮಗನ ಕರೆಗಾಗಿ ಕಾದು ಆ ತಾಯಿಯ ಕಣ್ಣು ಬಾತಿತ್ತು. ಆಕೆ ನನ್ನನ್ನು ಬೈಯಲಿಲ್ಲ. "ನಾಲ್ಕು ದಿನವೇ?" ಎಂದಷ್ಟೇ ಕೇಳಿ, ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಹೋದರು. ನಮ್ಮ ಮನೆಯ ಹಾಲು ಆ ಬಳಿಕ ಹತ್ತು ದಿನ ಡೈರಿಯಿಂದ ಬಂತು.

ಆ ತಿಂಗಳ ಕೊನೆಯಲ್ಲಿ ಕ್ಷಮೆ ಕೇಳಲೆಂದೇ ಅವರ ಮನೆಗೆ ಹೋದೆ. ಮಾತು ಹೇಗೆ ಆರಂಭಿಸಲಿ ಎಂದು ತೋಚದೆ ಕುಳಿತಿದ್ದಾಗ ಫೋನು ಬಂತು. ಮಗನೇ. ತಾಯಿ ಮಾತಾಡಿದರು, ಬಳಿಕ ಸುಬೇದಾರರು ಎರಡು ಮಾತಾಡಿ, ನಾನಿರುವುದನ್ನು ತಿಳಿಸಿ, ಫೋನನ್ನು ನನ್ನ ಕೈಗಿತ್ತರು. ನನ್ನಲ್ಲಿ ಪ್ರಶ್ನೆಗಳಿಗೇನೂ ಬರವಿರಲಿಲ್ಲ. ಡ್ರೋನುಗಳ ಕುರಿತು, ಕ್ಷಿಪಣಿಗಳ ಕುರಿತು, ಯಾರು ಗೆದ್ದರೆಂಬುದರ ಕುರಿತು. ಅವನೇ ಮೊದಲು ಕೇಳಿದ: "ಈ ವರ್ಷ ಮಳೆ ಬೇಗ ಬಂತಂತಲ್ಲ, ಅಡಿಕೆಗೆ ಮದ್ದು ಬಿಟ್ಟಾಯಿತೇ? ಅಪ್ಪ ಏಣಿ ಹತ್ತದಂತೆ ನೋಡಿಕೊಳ್ಳಿ."

ಇನ್ನೂ ಆಗಿಲ್ಲ, ಮಳೆ ಬಿಟ್ಟೊಡನೆ ಜನ ಬರುತ್ತಾರೆ ಎಂದೆ.