ಹಡಗೊಂದರ ಅನೇಕ ಜನ್ಮಗಳು

ಹಳೆಯ ವಸ್ತುವನ್ನು ಇಟ್ಟುಕೊಳ್ಳಬೇಕೆ, ಕಳೆಯಬೇಕೆ ಎಂಬ ಚರ್ಚೆ ನಡೆಯದ ಮನೆಯಿಲ್ಲ. ಅಜ್ಜಿಯ ಕಾಲದ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸಿದರೆ ಇನ್ನೂ ಹತ್ತು ವರ್ಷ ಬಾಳೀತೆಂದು ಒಬ್ಬರು ಹೇಳಿದರೆ, ಅದನ್ನು ತೂಕಕ್ಕೆ ಹಾಕಿ ಹೊಸದನ್ನು ತರೋಣವೆಂದು ಇನ್ನೊಬ್ಬರು ಹೇಳುವರು. ಈ ತಿಂಗಳು ನಾವು ವಾಚಕರ ಮುಂದಿಡುವುದು ಇಂತಹ ಚರ್ಚೆಗೆ ಪದೇ ಪದೇ ಗುರಿಯಾದ ಒಂದು ವಸ್ತುವಿನ ವೃತ್ತಾಂತವನ್ನು. ಆ ವಸ್ತುವಾದರೋ ಸುಮಾರು 130 ಮೀಟರು ಉದ್ದದ ಒಂದು ಹಡಗು.

ಅಮೆರಿಕಾದ ವರ್ಜೀನಿಯಾ ಸಂಸ್ಥಾನದ ನ್ಯೂಪೋರ್ಟ್ ನ್ಯೂಸ್ ಎಂಬ ಊರಿನಲ್ಲಿ 1914ರಲ್ಲಿ ಈ ನಾವೆಯು ನೀರಿಗೆ ಇಳಿಯಿತು. ಟೈಟಾನಿಕ್ ಹಡಗು ಮುಳುಗಿ ಆಗ್ಗೆ ಎರಡೇ ವರ್ಷವಾಗಿದ್ದಿತು. ಮ್ಯಾಲರಿ ಕಂಪೆನಿಯವರು ಇದಕ್ಕೆ 'ಮೆಡೀನಾ' ಎಂದು ಹೆಸರಿಟ್ಟು, ಈರುಳ್ಳಿಯೇ ಮೊದಲಾದ ಸರಕನ್ನು ಸಾಗಿಸುವುದಕ್ಕೆ ಹಚ್ಚಿದರು. ಎರಡು ಮಹಾಯುದ್ಧಗಳು ಬಂದು ಹೋದುವು. ಸಾವಿರಾರು ಹಡಗುಗಳು ಕಡಲಿನ ಪಾಲಾದುವು. ಇದು ಮಾತ್ರ ಉಳಿಯಿತು.

ಯುದ್ಧಾನಂತರ ಯೂರೋಪಿನಲ್ಲಿ ಮನೆಮಠ ಕಳೆದುಕೊಂಡವರೂ, ಹೊಟ್ಟೆಪಾಡಿಗಾಗಿ ದೇಶಾಂತರ ಹೊರಟವರೂ ಲಕ್ಷಗಟ್ಟಲೆ ಇದ್ದರು. ಅವರನ್ನು ಸಾಗಿಸುವಷ್ಟು ಹಡಗುಗಳಿರಲಿಲ್ಲ. ಆದುದರಿಂದ 1948ರಲ್ಲಿ ಪನಾಮಾದ ಒಂದು ಕಂಪೆನಿಯು ಈ ಸರಕಿನ ಹಡಗನ್ನು ಕೊಂಡು, ಪ್ರಯಾಣಿಕರ ಹಡಗನ್ನಾಗಿ ಮಾರ್ಪಡಿಸಿ, 'ರೋಮಾ' ಎಂದು ಕರೆಯಿತು. ಇದು ಸುಲಭದ ಕಾರ್ಯವೆಂದು ವಾಚಕರು ಎಣಿಸಬಾರದು. ಈರುಳ್ಳಿಯ ಮೂಟೆ ಕತ್ತಲೆಯಲ್ಲಿ ಬಿದ್ದಿದ್ದೀತು. ಮನುಷ್ಯನಿಗೆ ಗಾಳಿ ಬೇಕು, ಬೆಳಕು ಬೇಕು, ಕುಡಿಯುವ ನೀರು, ಅಡಿಗೆಮನೆ, ಶೌಚದ ಅನುಕೂಲ ಎಲ್ಲವೂ ಬೇಕು. ಅಪಾಯ ಬಂದಾಗ ಪಾರಾಗಲು ಸಾಕಷ್ಟು ಜೀವರಕ್ಷಕ ದೋಣಿಗಳು ಬೇಕು. ಮೇಲ್ಗಡೆ ಅಟ್ಟಗಳನ್ನು ಏರಿಸಿದಂತೆಲ್ಲ ಹಡಗು ವಾಲದಂತೆ ಭಾರವನ್ನೂ ಸರಿತೂಗಿಸಬೇಕು. 1950ರ ಪವಿತ್ರವರ್ಷದಲ್ಲಿ ರೋಮ್ ನಗರಕ್ಕೆ ಹೊರಟ ಕ್ರೈಸ್ತ ಯಾತ್ರಿಕರನ್ನೂ ಈ ನಾವೆಯು ಹೊತ್ತು ನಡೆಯಿತು.

1952ರಲ್ಲಿ ಇಟಲಿಯ ಜಿನೋವಾ ನಗರದ ಕೋಸ್ಟಾ ಕಂಪೆನಿಯವರು ಇದನ್ನು ಕೊಂಡರು. ಹಳೆಯ ಉಗಿಯಂತ್ರವನ್ನು ಕಿತ್ತು ಡೀಸೆಲ್ ಯಂತ್ರವನ್ನು ಕೂಡಿಸಿದರು. ಹೆಸರು 'ಫ್ರಾಂಕಾ ಸಿ' ಎಂದಾಯಿತು. ಮೊದಮೊದಲು ದಕ್ಷಿಣ ಅಮೆರಿಕಾಕ್ಕೆ ಹೋಗುವ ವಲಸೆಗಾರರನ್ನು ಒಯ್ದ ಹಡಗು, ಮುಂದೆ ಸಿರಿವಂತರ ವಿಹಾರಯಾತ್ರೆಗೆ ಬಳಕೆಯಾಯಿತು. ಕಣ್ಣೀರಿನಿಂದ ತವರನ್ನು ಬಿಟ್ಟವರು ನಿಂತಿದ್ದ ಅಟ್ಟದ ಮೇಲೆಯೇ ಬಿಸಿಲು ಕಾಯಿಸಿಕೊಳ್ಳಲು ಬಂದವರು ನಿಂತರು.

1977ರಲ್ಲಿ ಜರ್ಮನಿಯ ಒಂದು ಕ್ರೈಸ್ತ ಸೇವಾಸಂಸ್ಥೆಯು ಇದನ್ನು ಕೊಂಡು 'ಡೌಲೋಸ್' ಎಂದು ಹೆಸರಿಟ್ಟಿತು. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ದಾಸನೆಂದು ಅರ್ಥ. ಸಂಬಳವಿಲ್ಲದ ಸ್ವಯಂಸೇವಕರು ಇದನ್ನು ನಡೆಸಿದರು. ತೇಲುವ ಪುಸ್ತಕದಂಗಡಿಯಾಗಿ ನೂರಕ್ಕೂ ಹೆಚ್ಚು ದೇಶಗಳ ರೇವುಗಳನ್ನು ಇದು ಮುಟ್ಟಿತು; ಎರಡು ಕೋಟಿಗೂ ಮೀರಿ ಜನರು ಹಡಗನ್ನೇರಿ ನೋಡಿದರು.

ಕೊನೆಗೆ ಇದನ್ನು ನಿಲ್ಲಿಸಿದುದು ಬಿರುಗಾಳಿಯಲ್ಲ, ಕಾನೂನು. ಬೆಂಕಿಗೆ ಈಡಾಗಬಲ್ಲ ಮರಗೆಲಸವು ಪ್ರಯಾಣಿಕರ ಹಡಗಿನಲ್ಲಿ ಇರಬಾರದೆಂಬ ಅಂತರರಾಷ್ಟ್ರೀಯ ನಿಯಮವು 2010ರಲ್ಲಿ ಜಾರಿಗೆ ಬರಲಿದ್ದಿತು. ಅದಕ್ಕೆ ಸರಿಹೊಂದಿಸುವ ವೆಚ್ಚವೂ, ಬೇಕಾಗಿದ್ದ ಇತರ ದುರಸ್ತಿಯೂ ಬಹಳವಾದುದರಿಂದ 2009ರ ಕೊನೆಯಲ್ಲಿ ಸಿಂಗಪುರದಲ್ಲಿ ಅದರ ಸಮುದ್ರಸಂಚಾರವು ಮುಗಿಯಿತು. ತೊಂಬತ್ತೈದು ವರ್ಷ ದುಡಿದ ನಾವೆಗೆ ಇದು ಅನ್ಯಾಯವೆಂದು ಮರುಗಿದವರುಂಟು. ನಾವು ಹಾಗೆನ್ನಲಾರೆವು. ಟೈಟಾನಿಕ್ ದುರಂತದ ಬಳಿಕ ಸಮುದ್ರಯಾನದಲ್ಲಿ ಜೀವರಕ್ಷಣೆಗೆಂದು ರಾಷ್ಟ್ರಗಳು ಲಂಡನ್ನಿನಲ್ಲಿ ಮೊದಲ ಒಪ್ಪಂದ ಮಾಡಿಕೊಂಡುದು 1914ರಲ್ಲಿಯೇ, ಈ ಹಡಗು ಹುಟ್ಟಿದ ವರ್ಷವೇ. ಅದೇ ಒಪ್ಪಂದದ ಪರಂಪರೆಯ ನಿಯಮವು ಇದರ ಪಯಣವನ್ನು ನಿಲ್ಲಿಸಿತು. ವಸ್ತುವಿನ ಮೇಲಣ ಮಮತೆ ಎಷ್ಟೇ ದೊಡ್ಡದಾಗಲಿ, ಅದನ್ನು ನಂಬಿ ಒಳಗೆ ಮಲಗಿದವರ ಪ್ರಾಣ ಅದಕ್ಕಿಂತ ದೊಡ್ಡದು.

ಆದರೂ ಅದು ಗುಜರಿಯವರ ಸುತ್ತಿಗೆಗೆ ತುತ್ತಾಗಲಿಲ್ಲ. 2010ರಲ್ಲಿ ಸಿಂಗಪುರದ ಉದ್ಯಮಿಯೊಬ್ಬರು ಅದನ್ನು ಕೊಂಡು, ಇಂಡೊನೇಷಿಯಾದ ಬಿಂತಾನ್ ದ್ವೀಪದಲ್ಲಿ ಲಂಗರಿನ ಆಕಾರದ ನೆಲವನ್ನು ಕಡಲಂಚಿನಲ್ಲಿ ನಿರ್ಮಿಸಿ, ಅದರ ಮೇಲೆ ನಿಲ್ಲಿಸಿದರು. 2019ರಲ್ಲಿ ಅದು ಅತಿಥಿಗಳ ವಸತಿಗೃಹವಾಗಿ ತೆರೆಯಿತು.

ಯಂತ್ರ ಬದಲಾಯಿತು, ಅಟ್ಟ ಬದಲಾಯಿತು, ಹೆಸರು ನಾಲ್ಕೈದು ಸಲ ಬದಲಾಯಿತು. ಉಳಿದುದು 1914ರ ಕೆಲಸಗಾರರು ಮೊಳೆ ಜಡಿದು ಕಟ್ಟಿದ ಒಡಲು. ಬುನಾದಿಯನ್ನು ಪ್ರಾಮಾಣಿಕತೆಯಿಂದ ಕಟ್ಟಿದ್ದರೆ ಒಂದು ವಸ್ತುವನ್ನು ಎಷ್ಟು ಬಾರಿ ಹೊಸದು ಮಾಡಬಹುದೆಂಬುದಕ್ಕೆ ಇದು ಸಾಕ್ಷಿ. ಇನ್ನು ಯಾವ ಕೆಲಸಕ್ಕೆ ಅದು ಸಲ್ಲದು ಎಂಬುದನ್ನು ಕಾಲ ಬಂದಾಗ ಒಪ್ಪಿಕೊಂಡು, ಸಲ್ಲುವ ಕೆಲಸವನ್ನು ಹುಡುಕಿ ಕೊಡುವುದೇ ಹಳೆಯದಕ್ಕೆ ನಾವು ತೋರಿಸಬಹುದಾದ ನಿಜವಾದ ಗೌರವ.