ಮಸುಕು ಗೆರೆ ಕಂಡರೆ ಎರಡು ದಿನ ತಾಳಿ

ಒಂದು ಕಡೆ ಸಿಂಧನೂರು, ಇನ್ನೊಂದು ಕಡೆ ಲಿಂಗಸುಗೂರು, ನಡುವೆ ಮಸ್ಕಿ. ಮಸ್ಕಿಯ ಎಷ್ಟೋ ಹೆಣ್ಮಕ್ಕಳು ಪ್ರೆಗ್ನೆನ್ಸಿ ಕಿಟ್ಟನ್ನು ಮಸ್ಕಿಯಲ್ಲಿ ಕೊಳ್ಳೋದೇ ಇಲ್ಲ. ಬ್ಯಾಂಕಿಗೋ ಬಟ್ಟೆ ಅಂಗಡಿಗೋ ಅಂತ ಹೇಳಿ ಬಸ್ಸು ಹತ್ತಿ ಈ ಎರಡು ಊರುಗಳಲ್ಲಿ ಒಂದಕ್ಕೆ ಹೋಗ್ತಾರೆ. ಮೆಡಿಕಲ್ ಶಾಪ್ ಮುಂದೆ ಗಿರಾಕಿ ಕಡಿಮೆ ಆಗೋವರೆಗೂ ನಿಂತು, ಮೆಲ್ಲಗೆ ಕೇಳಿ, ಪೇಪರಿನಲ್ಲಿ ಸುತ್ತಿಸಿಕೊಂಡು ಬರ್ತಾರೆ. ಯಾಕಂದ್ರೆ ಊರಿನ ಮೆಡಿಕಲ್‌ನವರು ಮಾವನಿಗೆ ಗುರುತು. ಕಿಟ್ ಮನೆ ಮುಟ್ಟೋ ಮೊದಲೇ ಸುದ್ದಿ ಮುಟ್ಟಿರುತ್ತೆ.

ಇಷ್ಟು ಪಾಡುಪಟ್ಟು ತಂದ ಮೇಲೆ ಅದನ್ನು ಟ್ರಂಕಿನಲ್ಲಿ ಇಟ್ಟುಕೊಂಡು ಸುಮ್ಮನೆ ಕೂರೋದು ಕಷ್ಟ ನೋಡ್ರಿ. ಮುಟ್ಟಿನ ಡೇಟಿಗೆ ಇನ್ನೂ ಮೂರ್ನಾಲ್ಕು ದಿನ ಇರುವಾಗಲೇ ಬೆಳಗ್ಗೆ ಎದ್ದು ಹನಿ ಹಾಕಿಬಿಡ್ತೀವಿ. ಒಂದು ಗೆರೆ ಚೆನ್ನಾಗಿ ಬರುತ್ತೆ. ಎರಡನೇದು? ಬಂದಂಗೂ ಕಾಣುತ್ತೆ, ಬರದಂಗೂ ಕಾಣುತ್ತೆ. ಕಿಟಕಿ ಹತ್ತಿರ ಹಿಡಿದು ನೋಡ್ತೀವಿ, ಓರೆ ಮಾಡಿ ನೋಡ್ತೀವಿ, ಮೊಬೈಲ್ ಟಾರ್ಚ್ ಹಾಕಿ ನೋಡ್ತೀವಿ. ಈ ಸಲದ ಮಾತು ಆ ಎರಡನೇ ಗೆರೆ ಬಗ್ಗೆ.

ಲೆಕ್ಕ ಕಣ್ಣಿಂದಲ್ಲ, ದಿನದ್ದು

ಅಂಡ ಬಿಡುಗಡೆಯಾಗಿ, ವೀರ್ಯ ಸೇರಿ ಫಲಿತ ಆದ ತಕ್ಷಣ ದೇಹಕ್ಕೆ ಸುದ್ದಿ ಗೊತ್ತಾಗಲ್ಲ. ಅದು ಇಳಿದು ಬಂದು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಬೇಕು. ಆಮೇಲೆ ಎಚ್‌ಸಿಜಿ ಅನ್ನೋ ಹಾರ್ಮೋನು ತಾಯಿಯ ರಕ್ತಕ್ಕೆ ಬರುತ್ತೆ, ಅಲ್ಲಿಂದ ಮೂತ್ರಕ್ಕೆ. ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿಂತ ಗರ್ಭಗಳಲ್ಲಿ ಹೀಗೆ ಅಂಟಿಕೊಂಡದ್ದು ಅಂಡ ಬಿಡುಗಡೆಯಾದ 6ರಿಂದ 12 ದಿನಗಳ ಒಳಗೆ. ಅದರಲ್ಲೂ ನೂರಕ್ಕೆ 84 ಜನರಲ್ಲಿ 8, 9 ಅಥವಾ 10ನೇ ದಿನ.

ಸಾಮಾನ್ಯ ಕಿಟ್ಟಿಗೆ ಒಂದು ಮಿಲಿಲೀಟರ್ ಮೂತ್ರದಲ್ಲಿ ಈ ಹಾರ್ಮೋನು ಸುಮಾರು 25 ಮಿಲಿ ಯೂನಿಟ್ ಇದ್ದರೆ ಕಾಣುತ್ತೆ. ಶುರುವಿನ ದಿನಗಳಲ್ಲಿ ಈ ಹಾರ್ಮೋನು ಎರಡು-ಮೂರು ದಿನಕ್ಕೊಮ್ಮೆ ದುಪ್ಪಟ್ಟು ಆಗುತ್ತೆ. ಲೆಕ್ಕಕ್ಕೆ ಅಂತ 10ನೇ ದಿನ 6 ಇತ್ತು ಅಂದ್ಕೊಳ್ಳಿ. 12ನೇ ದಿನ 12 ಆಯ್ತು. 14ನೇ ದಿನ 24. 16ನೇ ದಿನ 48. ಇಪ್ಪತ್ತೆಂಟು ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ ಈ 14ನೇ ದಿನ ಅಂದ್ರೆ ಹೆಚ್ಚುಕಡಿಮೆ ಮುಟ್ಟಿನ ಡೇಟೇ.

ಈಗ ನೋಡ್ರಿ, ಡೇಟಿಗೆ ನಾಲ್ಕು ದಿನ ಮೊದಲು 6 ಇದ್ದಾಗ ಸ್ಟ್ರಿಪ್ ಏನು ತೋರಿಸಬೇಕು? ಏನೂ ಇಲ್ಲ. ಆಕೆ ಬಸುರಿ ಹೌದು, ಸ್ಟ್ರಿಪ್ ಸುಳ್ಳು ಹೇಳಿಲ್ಲ ಅನ್ನೋದೂ ಹೌದು. ಡೇಟಿನ ದಿನ ಒಬ್ಬಳಿಗೆ ಖಾಲಿ, ಇನ್ನೊಬ್ಬಳಿಗೆ ಮಸುಕು ಗೆರೆ, ಇಬ್ಬರೂ ಬಸುರಿ ಆಗಿರಬಹುದು. ಎರಡು ದಿನ ಕಳೆದರೆ ಇಬ್ಬರ ಗೆರೆಯೂ ಗಟ್ಟಿ ಆಗಬಹುದು. ತಿಂಗಳು ಏರುಪೇರು ಇರುವವರಿಗೆ ಅಂಡ ಬಿಡುಗಡೆಯೇ ತಡ ಆಗಿರುತ್ತೆ, ಅವರ ಲೆಕ್ಕ ಇನ್ನೂ ಮುಂದಕ್ಕೆ ಹೋಗುತ್ತೆ.

ನಮ್ಮ ಪ್ರೋಗ್ರಾಮಿಂಗ್‌ನಲ್ಲಿ ಉತ್ತರಕ್ಕೆ ಮೂರು ರೂಪ ಇರಬಹುದು. ಟ್ರೂ ಅಂದ್ರೆ ಹೌದು, ಫಾಲ್ಸ್ ಅಂದ್ರೆ ಇಲ್ಲ, ನಲ್ ಅಂದ್ರೆ ಉತ್ತರ ಇನ್ನೂ ಬಂದಿಲ್ಲ. ನಲ್ ಇದ್ದ ಕಡೆ ಫಾಲ್ಸ್ ಅಂತ ಓದಿಕೊಂಡರೆ ಇಡೀ ಸಾಫ್ಟ್‌ವೇರ್ ತಪ್ಪು ದಾರಿ ಹಿಡಿಯುತ್ತೆ. ಡೇಟಿಗೆ ಮೊದಲು ಬಂದ ಖಾಲಿ ಸ್ಟ್ರಿಪ್ ಕೂಡ ನಲ್. ಅದು "ಇಲ್ಲ" ಅಂತ ಹೇಳ್ತಿಲ್ಲ, "ಇನ್ನೂ ಗೊತ್ತಿಲ್ಲ" ಅಂತ ಹೇಳ್ತಿದೆ.

ಓದೋ ರೀತಿ

ಆ ಗೆರೆಗೆ ಕೆಂಪು ಬಣ್ಣ ಎಲ್ಲಿಂದ ಬರುತ್ತೆ ಗೊತ್ತೇನು? ಬಹಳಷ್ಟು ಸ್ಟ್ರಿಪ್‌ಗಳಲ್ಲಿ ಅದು ಚಿನ್ನ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಗಣಿಯಿಂದ ತೆಗೀತಾರಲ್ಲ, ಅದೇ ಲೋಹ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡಿದಾಗ ಚಿನ್ನ ಹಳದಿ ಇರಲ್ಲ, ಕೆಂಪಗೆ ಕಾಣುತ್ತೆ. ಈ ಕಣಗಳು ಎಚ್‌ಸಿಜಿಯನ್ನು ಹಿಡಿದುಕೊಂಡು ಸ್ಟ್ರಿಪ್ ಉದ್ದಕ್ಕೂ ಹರಿದು ಬಂದು 'ಟಿ' ಅನ್ನೋ ಜಾಗದಲ್ಲಿ ನಿಲ್ಲುತ್ತವೆ. ಹಾರ್ಮೋನು ಕಡಿಮೆ ಇದ್ದರೆ ನಿಲ್ಲೋ ಕಣಗಳೂ ಕಡಿಮೆ, ಅದಕ್ಕೇ ಗೆರೆ ಮಸುಕು. 'ಸಿ' ಗೆರೆ ಬಂದರೆ ಸ್ಟ್ರಿಪ್ ಸರಿಯಾಗಿ ಕೆಲಸ ಮಾಡಿದೆ ಅಂತ ಮಾತ್ರ ಅರ್ಥ. 'ಸಿ' ಬರದಿದ್ದರೆ 'ಟಿ'ಯಲ್ಲಿ ಏನು ಕಂಡರೂ ಲೆಕ್ಕಕ್ಕಿಲ್ಲ, ಹೊಸ ಕಿಟ್ ಬೇಕು.

ಬೆಳಗ್ಗೆ ಎದ್ದ ಕೂಡಲೇ ಬರುವ ಮೂತ್ರ ಒಳ್ಳೇದು, ರಾತ್ರಿಯೆಲ್ಲ ಸೇರಿ ಗಟ್ಟಿ ಆಗಿರುತ್ತೆ. ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಚೊಂಬುಗಟ್ಟಲೆ ನೀರು ಕುಡಿದು ಟೆಸ್ಟ್ ಮಾಡಿದರೆ ಹಾರ್ಮೋನು ತೆಳುವಾಗಿ ಗೆರೆ ಬರದೇ ಇರಬಹುದು. ಕಿಟ್ಟನ್ನೂ ತಂಪಿನಲ್ಲಿಡಿ. 40 ಡಿಗ್ರಿ ದಾಟೋ ಊರಿನಲ್ಲಿ ತಗಡಿನ ಸೂರಿನ ಕೆಳಗೆ, ಗಾಡಿಯ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಕಿಟ್ಟನ್ನು ನಂಬೋದು ಹೇಗೆ? ಎಕ್ಸ್‌ಪೈರಿ ಡೇಟ್ ನೋಡಿ, ಕವರ್ ಒಡೆದ ಕೂಡಲೇ ಬಳಸಿ.

ಹನಿ ಹಾಕಿದ ಮೇಲೆ ಗಡಿಯಾರ ನೋಡಿ. ಸಾಮಾನ್ಯವಾಗಿ 5 ನಿಮಿಷಕ್ಕೆ ಓದಬೇಕು, 10 ನಿಮಿಷ ದಾಟಿದ ಮೇಲೆ ಕಂಡದ್ದನ್ನು ನಂಬಬಾರದು. ನಿಮ್ಮ ಕಿಟ್ಟಿನ ಚೀಟಿಯಲ್ಲಿ ಬೇರೆ ಸಮಯ ಬರೆದಿದ್ದರೆ ಅದೇ ಲೆಕ್ಕ. ಹೊತ್ತಾದ ಮೇಲೆ ಮೂತ್ರ ಆರಿ 'ಟಿ' ಜಾಗದಲ್ಲಿ ಬೂದು ಬಣ್ಣದ ನೆರಳಿನಂಥ ಗೆರೆ ಮೂಡಬಹುದು. ಅದು ಆರಿದ ಗುರುತು, ಬಸುರಿನ ಗುರುತಲ್ಲ. ಮಸ್ಕಿ ಬಂಡೆಯ ಮೇಲಿನ ಅಶೋಕನ ಶಾಸನ 1915ರಲ್ಲಿ ಬೆಳಕಿಗೆ ಬಂದಾಗ ಎರಡು ಸಾವಿರ ವರ್ಷ ದಾಟಿದ್ದರೂ ಓದೋಕೆ ಬಂತು. ಸ್ಟ್ರಿಪ್ಪಿನ ಬರಹ ಹತ್ತು ನಿಮಿಷದ್ದು.

ಹೇಳಿದ ಸಮಯದೊಳಗೆ, 'ಸಿ' ಗೆರೆಯದೇ ಬಣ್ಣದಲ್ಲಿ, ಅಷ್ಟೇ ಅಗಲಕ್ಕೆ ಗೆರೆ ಬಂದಿದ್ದರೆ ಅದು ಎಷ್ಟೇ ಮಸುಕಾಗಿದ್ದರೂ ಸಾಮಾನ್ಯವಾಗಿ ಹೌದು ಅಂತಲೇ. ಎರಡು ದಿನ ಬಿಟ್ಟು ಮತ್ತೆ ನೋಡಿ. ಇದಕ್ಕೆ ಹೊರತಾದವರೂ ಇದ್ದಾರೆ. ಮಕ್ಕಳಾಗೋ ಚಿಕಿತ್ಸೆಯಲ್ಲಿ ಎಚ್‌ಸಿಜಿ ಇಂಜೆಕ್ಷನ್ ತಗೊಂಡವರು, ಇತ್ತೀಚೆಗೆ ಹೆರಿಗೆ ಅಥವಾ ಗರ್ಭಪಾತ ಆದವರು. ಅವರ ದೇಹದಲ್ಲಿ ಹಳೇ ಹಾರ್ಮೋನು ಉಳಿದಿರುತ್ತೆ. ಯಾವಾಗ ಟೆಸ್ಟ್ ಮಾಡಬೇಕು ಅಂತ ಅವರು ಡಾಕ್ಟರನ್ನೇ ಕೇಳಬೇಕು.

ಫೋಟೋ ಬಿಡು, ಮೂರು ಮಾತು ಹೇಳು

ಚಿಕ್ಕಪ್ಪನ ಮಗಳೊಬ್ಬಳು ಒಂದಿನ ಬೆಳಗ್ಗೆ ಆರಕ್ಕೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಸ್ಟ್ರಿಪ್ ಫೋಟೋ ಕಳಿಸಿದಳು. "ಅಕ್ಕಾ, ನೀ ಕಂಪ್ಯೂಟರ್ ಕಲ್ತಾಕಿ. ಇದನ್ನ ಸ್ವಲ್ಪ ಕ್ಲಿಯರ್ ಮಾಡಿ ನೋಡು. ಎರಡನೇ ಗೆರಿ ಐತೇನು?"

ನನ್ನ ಕೆಲಸವೇ ಸಾಫ್ಟ್‌ವೇರ್, ಆದ್ದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆ. ಮೊಬೈಲ್ ಕ್ಯಾಮೆರಾ ಇದ್ದದ್ದನ್ನು ಇದ್ದಂಗೆ ತೆಗೆಯಲ್ಲ, ಅಂಚುಗಳನ್ನು ತಾನೇ ಚೂಪು ಮಾಡುತ್ತೆ. ವಾಟ್ಸ್‌ಆ್ಯಪ್‌ನಲ್ಲಿ ಹೋಗುವಾಗ ಫೋಟೋ ಕುಗ್ಗಿ ಸಣ್ಣ ವಿವರ ಅಳಿಸಿ ಹೋಗುತ್ತೆ. ಅದರ ಮೇಲೆ ಕಾಂಟ್ರಾಸ್ಟ್ ಏರಿಸಿದರೆ, ಬಣ್ಣ ತಿರುವುಮುರುವು ಮಾಡಿದರೆ, ಗೆರೆ ಹುಟ್ಟಿಸೋದೂ ಸಾಧ್ಯ, ಇದ್ದ ಗೆರೆ ಮುಚ್ಚೋದೂ ಸಾಧ್ಯ. ಅಷ್ಟಕ್ಕೂ ಫೋಟೋದಲ್ಲಿ ಗಡಿಯಾರ ಇರಲ್ಲ.

"ಫೋಟೋ ಬಿಡು," ಅಂದೆ. "ಎಷ್ಟು ಗಂಟೇಕ ಹನಿ ಹಾಕ್ದಿ, ಎಷ್ಟು ಗಂಟೇಕ ನೋಡ್ದಿ, ನಿನ್ನ ಡೇಟ್ ಯಾವತ್ತು? ಮೂರು ಹೇಳು."

ಹನಿ ಹಾಕಿ ಮರೆಯಲ್ಲಿಟ್ಟು, ಎಲ್ಲರಿಗೂ ಚಾ ಕೊಟ್ಟು, ಮುಕ್ಕಾಲು ಗಂಟೆ ಆದ ಮೇಲೆ ನೋಡಿದ್ದಳು. ಡೇಟಿಗೆ ಇನ್ನೂ ಮೂರು ದಿನ ಇತ್ತು. ಹಂಗಾದ್ರೆ ಆ ಸ್ಟ್ರಿಪ್ ಹೌದೂ ಹೇಳಲಿಲ್ಲ, ಇಲ್ಲವೂ ಹೇಳಲಿಲ್ಲ. ಇಷ್ಟು ಅವಸರ ಯಾಕೆ ಅಂತ ಕೇಳಿದ್ದಕ್ಕೆ ಬಂದ ಉತ್ತರ ನನ್ನನ್ನು ಸುಮ್ಮನಾಗಿಸಿತು. "ನಾಳಿ ಹತ್ತಿ ಹೊಲಕ್ಕ ಎಣ್ಣಿ ಹೊಡಿಯೋದೈತಿ ಅಕ್ಕಾ. ನಾನೂ ನೀರು ಹೊರಾಕ ಹೋಗ್ಬೇಕು. ಇಲ್ಲಂದ್ರ ಹೋಗ್ತೀನಿ. ಐತಂದ್ರ ಏನಂತ ಹೇಳಿ ಉಳೀಲಿ?"

ಹೋಗಬ್ಯಾಡ, ಜ್ವರ ಅಂತ ಹೇಳು, ಡೇಟ್ ಮೀರಿದ ಮೇಲೆ ಬೆಳಗ್ಗೆ ಮತ್ತೆ ಹಾಕು ಅಂದೆ. ಆಮೇಲೆ ಏನು ಬಂತು ಅನ್ನೋದು ಅವಳ ಸುದ್ದಿ, ಹೇಳೋಳು ಅವಳು.

ಗೊತ್ತಿಲ್ಲದ ಆ ದಿನಗಳಲ್ಲಿ

ಉತ್ತರ ನಲ್ ಇರುವಾಗ ಏನು ಮಾಡಬೇಕು? ಗೊತ್ತಾಗೋವರೆಗೂ ಹೌದು ಅಂತ ನಡ್ಕೊಳ್ಳಿ, ಇಷ್ಟೇ. ಎಣ್ಣೆ ಹೊಡೆಯೋ ಕಡೆ ಹೋಗಬೇಡಿ. ಎಕ್ಸ್‌ರೇ ತೆಗೆಯೋ ಮುಂಚೆ, ಯಾವುದೇ ಮಾತ್ರೆ ತಗೊಳ್ಳೋ ಮುಂಚೆ "ಡೇಟ್ ಮೀರೋದರಲ್ಲಿದೆ" ಅಂತ ಬಾಯಿಬಿಟ್ಟು ಹೇಳಿ. ಖಾಲಿ ಸ್ಟ್ರಿಪ್ ನೋಡಿ "ಇಲ್ಲ ಬಿಡು, ಮುಟ್ಟಾಗೋ ಮಾತ್ರೆ ಕೊಡ್ರಿ" ಅಂತ ಮೆಡಿಕಲ್‌ಗೆ ಹೋಗೋದು ನಮ್ಮ ಕಡೆ ಮಾಮೂಲು. ಮತ್ತೊಮ್ಮೆ ಟೆಸ್ಟ್ ಮಾಡದೆ, ಡಾಕ್ಟರಿಗೆ ತೋರಿಸದೆ ಅದು ಬೇಡ. ಮಗು ಬೇಕು ಅನ್ನೋರು ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆ್ಯಸಿಡ್ ಮಾತ್ರೆಯನ್ನು ಗೆರೆಗೆ ಕಾಯದೇ ಶುರು ಮಾಡಬೇಕು. ಮಗುವಿನ ಮೆದುಳು, ಬೆನ್ನುಹುರಿ ಆಗೋ ನಾಳ ಮುಚ್ಚಿಕೊಳ್ಳೋದು ಗರ್ಭ ಕಟ್ಟಿದ ನಾಲ್ಕು ವಾರದೊಳಗೆ. ಅಷ್ಟೊತ್ತಿಗೆ ಎಷ್ಟೋ ಜನಕ್ಕೆ ಮುಟ್ಟು ತಪ್ಪಿದ್ದೇ ಸರಿಯಾಗಿ ಗಮನಕ್ಕೆ ಬಂದಿರಲ್ಲ.

ಎರಡನೇ ಗೆರೆ ಬರದಿರಲಿ ಅಂತ ಕಾಯೋರೂ ಇದ್ದಾರೆ, ಅವರದೂ ನಿಜವಾದ ಆತಂಕವೇ. ಗರ್ಭಪಾತಕ್ಕೆ 1971ರಿಂದ ಕಾನೂನು ಇದೆ, ಬೇಗ ಹೋದಷ್ಟೂ ಸುಲಭ. ಆದರೆ ಚೀಟಿ ಇಲ್ಲದೆ ಅಂಗಡಿಯಲ್ಲಿ ಮಾತ್ರೆ ತಗೊಂಡು ನುಂಗಬೇಡಿ. ಗರ್ಭ ನಾಳದಲ್ಲಿ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡಲ್ಲ, ಜೀವಕ್ಕೇ ಅಪಾಯ.

ಈ ನಾಳದ ಗರ್ಭವನ್ನು ಸ್ಟ್ರಿಪ್ ಗುರುತಿಸಲ್ಲ. ಗೆರೆ ಮಸುಕಿರಲಿ, ಗಟ್ಟಿ ಇರಲಿ, ಕೆಳಹೊಟ್ಟೆಯಲ್ಲಿ ಒಂದು ಪಕ್ಕ ಜೋರು ನೋವು, ರಕ್ತ ಹೋಗೋದು, ತಲೆಸುತ್ತು, ಹೆಗಲ ನೋವು ಬಂದರೆ ಎರಡು ದಿನ ಅಲ್ಲ, ಎರಡು ಗಂಟೆಯೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ದೊಡ್ಡಾಸ್ಪತ್ರೆಗೆ ಹೋಗಿ. ಮುಟ್ಟು ತಪ್ಪಿ ಒಂದು ವಾರ ಆದರೂ ಸ್ಟ್ರಿಪ್ ಖಾಲಿಯೇ ಬಂದರೆ ರಕ್ತ ಪರೀಕ್ಷೆಗೆ ಡಾಕ್ಟರನ್ನು ಕೇಳಿ.

ಬಂದ ಗೆರೆ ಹೋದರೆ

ಬೇಗ ಟೆಸ್ಟ್ ಮಾಡೋದರಲ್ಲಿ ಒಂದು ನೋವೂ ಇದೆ. ಮಸುಕು ಗೆರೆ ಬಂತು, ಖುಷಿ ಆಯ್ತು, ನಾಲ್ಕು ದಿನಕ್ಕೆ ಮುಟ್ಟೂ ಆಯ್ತು. ಹಿಂದೆ ಇದನ್ನು "ಎರಡು ದಿನ ತಡ ಆಯ್ತು" ಅಂತ ಮರೀತಿದ್ದೆವು. ಈಗ ಸ್ಟ್ರಿಪ್ ಅದಕ್ಕೊಂದು ಗುರುತು ಕೊಟ್ಟುಬಿಡುತ್ತೆ. ಭಾರ ಎತ್ತಿದ್ದಕ್ಕೆ, ಪಪ್ಪಾಯಿ ತಿಂದಿದ್ದಕ್ಕೆ, ಬಸ್ಸಿನಲ್ಲಿ ಓಡಾಡಿದ್ದಕ್ಕೆ ಅಂತ ಬೈಗುಳ ಆಕೆಗೇ.

ಅದೇ ವಿಲ್ಕಾಕ್ಸ್ ತಂಡ 1988ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತ್ತು. 221 ಮಹಿಳೆಯರ ಮೂತ್ರವನ್ನು ದಿನದಿನವೂ ಸಂಗ್ರಹಿಸಿ ನೋಡಿದಾಗ 198 ಗರ್ಭಗಳು ಕಂಡವು. ಅವುಗಳಲ್ಲಿ ನೂರಕ್ಕೆ 22, ಆಸ್ಪತ್ರೆಯ ತಪಾಸಣೆಗೆ ಸಿಗೋ ಮೊದಲೇ ಹೋಗಿದ್ದವು. ಹಾಗೆ ಕಳಕೊಂಡವರಲ್ಲಿ ನೂರಕ್ಕೆ 95 ಜನ ಎರಡು ವರ್ಷದೊಳಗೆ ಮತ್ತೆ ಗರ್ಭಿಣಿಯರಾದರು. ಇಷ್ಟು ಬೇಗ ಹೋಗೋ ಗರ್ಭಗಳಿಗೆ ಹೆಚ್ಚಾಗಿ ಕಾರಣ ಭ್ರೂಣದ ವರ್ಣತಂತುಗಳಲ್ಲೇ ಇರೋ ದೋಷ. ಯಾರೂ ಏನೂ ಮಾಡಿದ್ದರಿಂದ ಅಲ್ಲ. ಇದನ್ನು ಆ ಮನೆಯ ಹಿರಿಯರಿಗೂ ಓದಿ ಹೇಳಿ.

ಮನೆಯವರಿಗೆ ಎರಡು ಮಾತು

ಕಿಟ್ಟಿಗಾಗಿ ಬಸ್ಸು ಹತ್ತಬೇಕಿಲ್ಲ. 2008ರಿಂದ 'ನಿಶ್ಚಯ್' ಅನ್ನೋ ಸರ್ಕಾರಿ ಕಿಟ್ ಆಶಾ ಕಾರ್ಯಕರ್ತೆಯರ ಕೈಗೆ, ಉಪಕೇಂದ್ರಗಳಿಗೆ ಬರ್ತಿದೆ. ನಿಮ್ಮ ಓಣಿಯ ಆಶಾ ಅಕ್ಕನನ್ನು ಕೇಳಿ ನೋಡಿ. ಗೆರೆ ಖಚಿತ ಆದ ಮೇಲೆ ಮೂರು ತಿಂಗಳು ತುಂಬೋ ಮೊದಲೇ ಹೆಸರು ಬರೆಸಿ, ತಾಯಿ ಕಾರ್ಡ್ ಮಾಡಿಸೋಕೂ ಆಕೆಯೇ ಜೊತೆ ಬರ್ತಾಳೆ. ಸಕ್ಕರೆ, ಉಪ್ಪು, ಟೂತ್‌ಪೇಸ್ಟ್ ಹಾಕಿ ನೋಡೋ ಮೊಬೈಲ್ ವಿಡಿಯೋಗಳನ್ನು ನಂಬಬೇಡಿ, ಅವು ಎಚ್‌ಸಿಜಿಯನ್ನು ಅಳೆಯಲ್ಲ. ಗೆರೆಯ ಬಣ್ಣ ನೋಡಿ ಗಂಡು-ಹೆಣ್ಣು ಹೇಳೋದಂತೂ ಶುದ್ಧ ಸುಳ್ಳು.

ಗಂಡಂದಿರೇ, ಮೆಡಿಕಲ್‌ಗೆ ನೀವು ಹೋಗಿ. ತರೋದಾದರೆ ಎರಡು ಕಿಟ್ ತನ್ನಿ, ಇವತ್ತಿಗೊಂದು, ಎರಡು ದಿನ ಬಿಟ್ಟು ಒಂದು. ಅತ್ತೆಯಂದಿರೇ, "ಏನಾತವ್ವಾ?" ಅಂತ ದಿನಾ ಬೆಳಗ್ಗೆ ಕೇಳಬೇಡ್ರಿ. ಆಕೆಗೇ ಗೊತ್ತಾಗೋಕೆ ಎರಡು ದಿನ ಬೇಕು. ಆ ಎರಡು ದಿನ ಆಕೆಗೆ ಹೊಲದ ಕೆಲಸ ತಪ್ಪಿಸಿ ಕೊಟ್ಟರೆ, ಉತ್ತರ ಯಾವುದೇ ಬರಲಿ, ಯಾರಿಗೂ ನಷ್ಟ ಇಲ್ಲ.